ಬೋಳಿಸಿದ ತಲೆಗಳ ಹೆಸರು ಕೇಳಿದವರಿಗೆ

ಮಾನ್ಯರೇ, ಅಥೆನ್ಸಿನ ಮಹಾಸಭೆಯ ಇಂದಿನ ಅಧ್ಯಕ್ಷರೇ,

ಹೋದ ವರ್ಷದ ಕುಲಹಬ್ಬದಲ್ಲಿ ನನ್ನ ಅಂಗಡಿಗೆ ಬಂದು ತಲೆ ಬೋಳಿಸಿಕೊಂಡವರ ಹೆಸರುಗಳನ್ನು ಒಪ್ಪಿಸಬೇಕು ಎಂದು ನಿಮ್ಮ ಕಚೇರಿಯ ಡಂಗುರದವನು ನಿನ್ನೆ ಹೇಳಿ ಹೋದ. ಒಪ್ಪಿಸಿದರೆ ಈ ಚಳಿಗಾಲದ ಸರ್ಕಾರಿ ಶವಯಾತ್ರೆಯಲ್ಲಿ, ಹೆಣ ಸಿಗದವರಿಗಾಗಿ ಹೊರುವ ಖಾಲಿ ಚಟ್ಟದ ಹಿಂದೆ ನಡೆಯಲು ನನಗೂ ನನ್ನ ಹೆಂಡತಿಗೂ ಜಾಗ ಕೊಡುತ್ತೀರಂತೆ. ಒಪ್ಪಿಸದಿದ್ದರೆ ಅಂಗಡಿ ಮುಚ್ಚಿಸುತ್ತೀರಂತೆ. ನಾನು ಒಪ್ಪಿಸುವುದಿಲ್ಲ. ಕಾರಣವನ್ನು ಎಲ್ಲರೂ ಓದಲಿ ಎಂದು ಅಂಗಡಿಯ ಬಾಗಿಲನ್ನೇ ಕಿತ್ತು, ಸುಣ್ಣ ಬಳಿದು, ಅದರ ಮೇಲೆ ಬರೆದು, ಸರ್ಕಾರ ತನ್ನ ಪ್ರಕಟಣೆಯ ಬಿಳಿ ಹಲಗೆಗಳನ್ನು ತೂಗುಹಾಕುವ ವೀರರ ಪ್ರತಿಮೆಗಳ ಕೆಳಗೆ ತಂದು ನಿಲ್ಲಿಸಿದ್ದೇನೆ. ಮುಚ್ಚಿಸಲು ಬರುವವರಿಗೆ ಮೊದಲೇ ತಿಳಿಸಿರುತ್ತೇನೆ, ಅಂಗಡಿಗೆ ಈಗ ಬಾಗಿಲಿಲ್ಲ.

ನಿಮ್ಮ ಹೆಸರು ನನಗೆ ಗೊತ್ತಿಲ್ಲ, ಬೇಕಾಗಿಯೂ ಇಲ್ಲ. ಚೀಟಿ ಎತ್ತುವ ಹಾಗೆ ಕಾಳು ಎತ್ತಿ ನಿಮ್ಮನ್ನು ಆರಿಸಿದ್ದಾರೆ. ಒಂದು ಇರುಳು ಒಂದು ಹಗಲು ಪಟ್ಟಣದ ಮುದ್ರೆಯೂ ಬೊಕ್ಕಸದ ಬೀಗದ ಕೈಯೂ ನಿಮ್ಮ ಹತ್ತಿರ ಇರುತ್ತವೆ, ಆಮೇಲೆ ಇನ್ನೊಬ್ಬರ ಹತ್ತಿರ. ಈ ಬಾಗಿಲನ್ನು ಕೊನೆಯವರೆಗೆ ಓದಿ ಮುಗಿಸುವ ಹೊತ್ತಿಗೆ ನೀವು ಅಧ್ಯಕ್ಷರಾಗಿ ಉಳಿದಿರುತ್ತೀರೋ ಇಲ್ಲವೋ. ನನಗೂ ಒಮ್ಮೆ ಆ ಗದ್ದುಗೆ ಬಂದಿತ್ತು. ಸರ್ಕಾರದ ಖರ್ಚಿನಲ್ಲಿ ಬಾರ್ಲಿ ರೊಟ್ಟಿ, ಆಲಿವ್ ತಿಂದು, ಮುದ್ರೆಯನ್ನು ತಲೆದಿಂಬಿನ ಕೆಳಗಿಟ್ಟು ಮಲಗಿ, ಅವಧಿ ಮುಗಿದ ಮೇಲೆ ಎದ್ದು ಕತ್ತಿ ಮಸೆಯಲು ಹೋದೆ. ನಮ್ಮಲ್ಲಿ ದೊರೆಯಿಲ್ಲ, ಆದ್ದರಿಂದ ತಪ್ಪು ಮಾಡಿದ ದೊರೆಯೂ ಇಲ್ಲ. ಯಾರು ಮಾಡಿದರು ಎಂದು ಕೇಳಿದರೆ ಜನ ಎನ್ನುತ್ತಾರೆ. ಜನ ಎಂದರೆ ನನ್ನ ಅಂಗಡಿಯ ಬೆಂಚಿನ ಮೇಲೆ ಸರದಿ ಕಾಯುವವರು. ಅವರಲ್ಲಿ ಒಬ್ಬೊಬ್ಬರನ್ನೂ ಕೇಳಿ ನೋಡಿದ್ದೇನೆ, ಯಾರೂ ಮಾಡಿಲ್ಲವಂತೆ.

ನನ್ನ ಮಗ ಫಿಲಿನೋಸ್ 'ಸುಖಯಾನ' ಎಂಬ ಯುದ್ಧದ ಹಡಗಿನಲ್ಲಿ ಕೆಳಸಾಲಿನ ಹುಟ್ಟು ಹಾಕುತ್ತಿದ್ದ. ಕಾಳಗದಲ್ಲಿ ಗೆದ್ದವರು ನಾವೇ. ಗೆದ್ದ ಸುದ್ದಿ ಬಂದಾಗ ಊರೆಲ್ಲ ಹೂಮಾಲೆ ಹಾಕಿಕೊಂಡು ಓಡಾಡಿತು. ಗೆದ್ದ ಮೇಲೆ ಬಿರುಗಾಳಿ ಎದ್ದಿತು, ಒಡೆದ ಹಡಗುಗಳ ಹಲಗೆ ಹಿಡಿದು ತೇಲುತ್ತಿದ್ದ ನಮ್ಮವರನ್ನು ಯಾರೂ ಎತ್ತಿಕೊಳ್ಳಲಿಲ್ಲ ಎಂಬ ಸುದ್ದಿ ಅದರ ಹಿಂದೆಯೇ ಬಂತು. ತಪ್ಪು ಹಡಗುಪಡೆ ನಡೆಸಿದ ದಂಡನಾಯಕರದು ಎಂದು ಊರು ಅವರ ಮೇಲೆ ಆರೋಪ ಹೊರಿಸಿತು. ಸುಖಯಾನದಿಂದ ಒಬ್ಬನೂ ಮರಳಲಿಲ್ಲ. ನನ್ನ ಮಗ ಎಷ್ಟು ಹೊತ್ತು ತೇಲಿದ, ಯಾರನ್ನು ಕೂಗಿದ, ಹೇಳುವವರಿಲ್ಲ. ನನಗೆ ಅಳು ಬರಲಿಲ್ಲ. ಇವತ್ತಿಗೂ ಬಂದಿಲ್ಲ. ನನ್ನ ಹೆಂಡತಿ ಲಿಸಿಲ್ಲಾ ಮೊದಮೊದಲು ಅದಕ್ಕೆ ಬೈಯುತ್ತಿದ್ದಳು, ಈಗ ಅದನ್ನೂ ಬಿಟ್ಟಿದ್ದಾಳೆ. ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೇವೆ. ಸಾರಿಗೆ ಉಪ್ಪು ಬಿದ್ದಿದೆಯೋ ಇಲ್ಲವೋ ಇಬ್ಬರಿಗೂ ತಿಳಿಯುವುದಿಲ್ಲ.

ಸತ್ತವರಿಗೆ ಕೂದಲು ಕತ್ತರಿಸಿ ಸಮಾಧಿಯ ಮೇಲಿಡುವುದು ನಮ್ಮ ಪದ್ಧತಿ. ಸಮಾಧಿಯೇ ಇಲ್ಲದಿದ್ದರೆ ಕತ್ತರಿಸಿದ ಕೂದಲನ್ನು ಎಲ್ಲಿಡುವುದು? ಅಂಗಡಿಯ ನೆಲಕ್ಕೆ ಬೀಳಿಸಿ, ಊರವರ ಕೂದಲಿನ ಜೊತೆ ಸೇರಿಸಿ ಗುಡಿಸಿಬಿಡುವುದೇ? ನನ್ನಿಂದ ಆಗಲಿಲ್ಲ. ಆದ್ದರಿಂದ ಕತ್ತರಿಸದೆ ಬಿಟ್ಟೆ. ಈಗ ಅದು ಹೆಗಲಿಗೆ ಬಂದಿದೆ. ಕ್ಷೌರಿಕನ ತಲೆಯೇ ಹೀಗಿದ್ದರೆ ಗಿರಾಕಿ ಯಾರು ಬರುತ್ತಾರೆ ಎಂದು ಕೇಳುವವರು ಕೇಳುತ್ತಾರೆ, ನಾನು ಕತ್ತಿ ಮಸೆಯುತ್ತಿರುತ್ತೇನೆ.

ಆ ಶರತ್ಕಾಲದಲ್ಲಿ ಕುಲಹಬ್ಬ ಬಂತು. ಪ್ರಾಯಕ್ಕೆ ಬಂದ ಹುಡುಗರ ಕೂದಲು ಕತ್ತರಿಸಿ ಕುಲಕ್ಕೆ ಸೇರಿಸುವ ಹಬ್ಬ ಅದು, ನಮ್ಮ ಕಸುಬಿನವರಿಗೆ ಸುಗ್ಗಿ. ಫಿಲಿನೋಸನ ಕೂದಲನ್ನೂ ಅದೇ ಹಬ್ಬದಲ್ಲಿ ನಾನೇ ಕತ್ತರಿಸಿದ್ದೆ. ಆ ಸಲ ಹುಡುಗರಿಗಿಂತ ಮೊದಲು ದೊಡ್ಡವರು ಬಂದರು, ಗುಂಪುಗುಂಪಾಗಿ, ಕಪ್ಪು ಹೊದ್ದು. ಪೂರ್ತಿ ಬೋಳಿಸು ಎಂದರು. ಎಲ್ಲರೂ ನನ್ನಂತೆ ಮಕ್ಕಳನ್ನು ಸಮುದ್ರಕ್ಕೆ ಕೊಟ್ಟವರು ಎಂದುಕೊಂಡು, ಬಿಸಿನೀರು ಹಾಕಿ, ಎಂದಿಗಿಂತ ಮೆತ್ತಗೆ ಕತ್ತಿ ಆಡಿಸಿದೆ. ಆಡಿಸುತ್ತ ಒಬ್ಬೊಬ್ಬನನ್ನೂ ಕೇಳಿದೆ, ನಿಮ್ಮ ಹುಡುಗ ಯಾವ ಹಡಗಿನಲ್ಲಿದ್ದ ಎಂದು. ಸುಖಯಾನದಲ್ಲಿದ್ದ ಹುಡುಗನ ತಂದೆ ಒಬ್ಬನಾದರೂ ಸಿಕ್ಕಾನು, ಇಬ್ಬರೂ ಸ್ವಲ್ಪ ಹೊತ್ತು ಜೊತೆಗೆ ಕೂರಬಹುದು ಎಂಬ ಆಸೆ ನನ್ನದು. ಮೊದಲು ಬಂದವರು ಏನೋ ಗೊಣಗಿ ಜಾರಿಕೊಂಡರು. ಅರ್ಧ ತಲೆ ಬೋಳಾಗಿದ್ದ ಒಬ್ಬ ಮಾತ್ರ ತಿರುಗಿ ನನ್ನ ಮುಖ ನೋಡಿದ.

"ಯಾವ ಹಡಗಾದ್ರೆ ನಿಂಗೇನಯ್ಯಾ? ಹೇಳಿದ ಕೆಲ್ಸ ಮಾಡು. ನಂಗಿನ್ನೂ ಮದುವೇನೇ ಆಗಿಲ್ಲ."

ಬೆಂಚಿನ ಮೇಲಿದ್ದವರು ನಕ್ಕರು. ಬಾಗಿಲಲ್ಲಿ ನಿಂತಿದ್ದ ಅವರ ಮುಂದಾಳು ನಗಲಿಲ್ಲ. ಅವನು ಒಳಗೆ ಬಂದು ಸಮಾಧಾನವಾಗಿ ವಿವರಿಸಿದ: ಇವರೆಲ್ಲ ಸಮುದ್ರದಲ್ಲಿ ಸತ್ತವರ ಬಂಧುಗಳಂತೆ ಮಹಾಸಭೆಯ ಮುಂದಿನ ಸಾಲಿನಲ್ಲಿ ನಿಂತರೆ ಸಾಕು, ದಂಡನಾಯಕರನ್ನು ಮುಗಿಸುವ ಕೆಲಸ ತಾನಾಗಿಯೇ ಆಗುತ್ತದೆ. ನಿಜವಾದ ತಂದೆಯೂ ಒಬ್ಬನಿದ್ದರೆ ಇನ್ನೂ ಒಳ್ಳೆಯದು, ನೀನೂ ಬೋಳಿಸಿಕೊಂಡು ಬಾ ಎಂದ. ಉರಿಯುವ ಮನೆಯಲ್ಲಿ ಗಳ ಹಿರಿಯುವವರನ್ನು ಬೇಕಾದಷ್ಟು ಕಂಡಿದ್ದೇನೆ. ಮನೆಯವನನ್ನೇ ಏಣಿ ಹಿಡಿದುಕೋ ಎಂದು ಕರೆದವರನ್ನು ಅವತ್ತೇ ಮೊದಲು ಕಂಡದ್ದು. ಕತ್ತಿಯನ್ನು ಒರೆಸಿ ಒಳಗಿಟ್ಟೆ. ಅರ್ಧ ಬೋಳಾಗಿದ್ದವನು ಉಳಿದರ್ಧಕ್ಕೆ ಬೇರೆ ಅಂಗಡಿ ಹುಡುಕಿಕೊಂಡು ಹೋದ.

ಮಹಾಸಭೆಯ ದಿನ ಸಭೆ ಸೇರುವ ಗುಡ್ಡವನ್ನು ನಾನೂ ಹತ್ತಿದೆ. ಮುಂದಿನ ಸಾಲುಗಳಲ್ಲಿ ಬೋಳುತಲೆಗಳು ಬಿಸಿಲಿಗೆ ಹೊಳೆಯುತ್ತಿದ್ದವು, ಅವುಗಳಲ್ಲಿ ಎಷ್ಟೋ ನನ್ನ ಕೈಕೆಲಸವೇ. ನಮ್ಮ ಕಾನೂನು ಏನು ಹೇಳುತ್ತದೆ, ಅಧ್ಯಕ್ಷರೇ? ಆರೋಪ ಹೊತ್ತವರಲ್ಲಿ ಒಬ್ಬೊಬ್ಬನಿಗೂ ಬೇರೆ ವಿಚಾರಣೆ, ಮಾತಾಡಲು ಅವನದೇ ಒಂದು ನೀರಿನ ಗಡಿಗೆ. ಕೋಳಿ ಕದ್ದವನಿಗೂ ಆ ಗಡಿಗೆ ಸಿಗುತ್ತದೆ. ಅದರ ತೂತಿನಿಂದ ನೀರು ಸುರಿದು ಮುಗಿಯುವವರೆಗೆ ಅವನ ಬಾಯಿ ಮುಚ್ಚಿಸುವ ಹಕ್ಕು ಯಾರಿಗೂ ಇಲ್ಲ. ದಂಡನಾಯಕರಿಗೆ ಅಂದು ಸಿಕ್ಕಿದ್ದು ಎಲ್ಲರಿಗೂ ಸೇರಿಸಿ ಒಂದೇ ಮತ. ಅವರಲ್ಲಿ ಒಬ್ಬನ ಹಡಗೇ ಒಡೆದು, ಅವನೇ ಹಲಗೆ ಹಿಡಿದು ತೇಲಿ ಬಂದವನು. ನೀರಿನಲ್ಲಿದ್ದವರನ್ನು ಯಾಕೆ ಎತ್ತಲಿಲ್ಲ ಎಂದು ನೀರಿನಲ್ಲಿದ್ದವನನ್ನೇ ಕೇಳಿದೆವು, ಉತ್ತರ ಹೇಳಲು ಬಿಡಲಿಲ್ಲ. ನನ್ನ ಮಗನಿಗೆ ನೀರು ಹೆಚ್ಚಾಯಿತು, ಇವರಿಗೆ ಒಂದು ಗಡಿಗೆಯೂ ಸಿಗಲಿಲ್ಲ.

ನಾನು ಅವರನ್ನು ಕ್ಷಮಿಸಿದವನಲ್ಲ, ನನ್ನನ್ನು ಸಾಧುವೆಂದು ತಿಳಿಯಬೇಡಿ. ಅವರಲ್ಲಿ ಯಾರೋ ಒಬ್ಬ ಗಾಳಿಗೆ ಹೆದರಿ, ನನ್ನ ಮಗ ಕೂಗುವುದನ್ನು ಕೇಳಿಯೂ ದಡಕ್ಕೆ ತಿರುಗಿಸು ಎಂದಿರಬಹುದು. ಆ ಒಬ್ಬ ಯಾರು ಎಂದು ನನಗೆ ತಿಳಿಯಬೇಕಾಗಿತ್ತು. ಎಲ್ಲರನ್ನೂ ಒಟ್ಟಿಗೆ ಕೊಂದುಬಿಟ್ಟರೆ ಆಮೇಲೆ ಯಾರನ್ನು ಕೇಳಲಿ? ಇದನ್ನೇ ಪಕ್ಕದಲ್ಲಿ ಕುಳಿತಿದ್ದ ದೆಕ್ಸಿಯಾಸನಿಗೆ ಹೇಳಿದೆ. ದೆಕ್ಸಿಯಾಸ್ ನನ್ನ ಅಂಗಡಿಯ ಎದುರಿಗೆ ಬೆಳ್ಳುಳ್ಳಿ ಮಾರುವವನು, ಕೆಟ್ಟವನಲ್ಲ. ಕಾನೂನು ಹೀಗಿದೆಯಲ್ಲ ಎಂದೆ.

"ಇಷ್ಟು ಜನ ಸೇರಿದ್ದೀವಿ, ನಮ್ಗೇ ಬೇಡ ಅನ್ನೋಕೆ ಆ ಕಾನೂನು ಯಾರೋ, ಮಿಕಿಯೋನ್?" ಎಂದ ಅವನು. "ಅದನ್ನ ಮಾಡಿದ್ದೇ ನಾವಲ್ವಾ?"

ಇದೇ ದೆಕ್ಸಿಯಾಸನನ್ನು ಅದಕ್ಕೆ ಹಿಂದಿನ ವಸಂತದಲ್ಲಿ ನಾಟಕದ ಮೆಟ್ಟಿಲುಗಳ ಮೇಲೆ ಕಂಡಿದ್ದೆ. ಫಿಲಿನೋಸನೂ ನಮ್ಮ ಜೊತೆಗಿದ್ದ. ನಾಟಕದಲ್ಲಿ ಹಳೆಯ ಕಾಲದ ಒಬ್ಬ ರಾಜ, ಶರಣು ಬಂದವರನ್ನು ಊರವರೆಲ್ಲ ಸೇರಿ ಕಲ್ಲೆಸೆದು ಕೊಲ್ಲಲಿ ಎಂದು ಡಂಗುರ ಹೊಡೆಯಲು ಹೇಳುತ್ತಾನೆ. ಡಂಗುರದ ಮುದುಕ ಆ ಮಾತನ್ನು ಸಾರಲು ಒಪ್ಪುವುದಿಲ್ಲ. ರಾಜ ಅವನನ್ನು ಕೊಲ್ಲಿಸುತ್ತಾನೆ. ಊರ ಹಿರಿಯರ ಮೇಳ ಅತ್ತಿಂದಿತ್ತ ತೂಗಾಡುತ್ತ ಅಯ್ಯೋ ವಿಧಿಯೇ ಎಂದು ಹಾಡುತ್ತದೆಯೇ ಹೊರತು ಒಬ್ಬನೂ ಮುಂದೆ ಬರುವುದಿಲ್ಲ. ದೆಕ್ಸಿಯಾಸ್ ಬಿಕ್ಕಿ ಬಿಕ್ಕಿ ಅತ್ತ, ಬೆಳ್ಳುಳ್ಳಿ ಕೈಯಲ್ಲಿ ಕಣ್ಣೊರೆಸಿಕೊಂಡು ಇನ್ನಷ್ಟು ಅತ್ತ. ಮೆಟ್ಟಿಲಿಳಿದು ಬರುವಾಗ ಮಗ ಕೇಳಿದ:

"ಅಪ್ಪಾ, ಆ ಮೇಳದೋರಲ್ಲಿ ಒಬ್ನಾದ್ರೂ ಬೇಡ ಅಂದಿದ್ರೆ ನಾಟಕ ಕೆಟ್ಟೋಗ್ತಿತ್ತಾ?"

ಕೆಡುತ್ತಿತ್ತು ಎಂದು ನಾನು ನಕ್ಕಿದ್ದೆ. ಮಹಾಸಭೆಯಲ್ಲಿ ನನ್ನ ಸರದಿ ಬಂದಾಗ ಆ ಮಾತು ನೆನಪಾಯಿತು. ಎಲ್ಲರ ಕಣ್ಣೆದುರು ಎರಡು ಗಡಿಗೆ ಇಟ್ಟಿದ್ದರು, ಶಿಕ್ಷೆಗೊಂದು, ಬಿಡುಗಡೆಗೊಂದು. ನಾನು ನನ್ನ ಮತದ ಹರಳನ್ನು ಬಿಡುಗಡೆಯ ಗಡಿಗೆಗೆ ಹಾಕಿದೆ. ಬೋಳುತಲೆಯ ಒಬ್ಬ ನನ್ನ ಕಡೆ ಬೆರಳು ತೋರಿಸಿ, "ಇವ್ನೂ ತಂದೆಯಂತೆ, ತಲೆ ನೋಡ್ರೋ" ಎಂದ. ಜನ ನೋಡಿದರು. ದಂಡನಾಯಕರಿಗೆ ವಿಷ ಕುಡಿಸಿದ್ದಾಯಿತು. ನಾಟಕ ಕೆಡಲಿಲ್ಲ.

ಇನ್ನು ನನ್ನ ಕುರ್ಚಿಯಲ್ಲಿ ಕುಳಿತು ತತ್ವ ಹೇಳುವ ಪಂಡಿತರಿಗೇನೂ ಕಡಿಮೆಯಿಲ್ಲ. ಗಡ್ಡ ಬೆಳೆಯುವುದು ಪ್ರಕೃತಿ, ಅದನ್ನು ಹೀಗೇ ಕತ್ತರಿಸಬೇಕೆಂಬುದು ಊರಿನ ಕಟ್ಟಳೆ, ಅಂತಃಸಾಕ್ಷಿ ಗಡ್ಡದ ಹಾಗೆ, ಕಾನೂನು ನಿನ್ನ ಕತ್ತಿಯ ಹಾಗೆ ಎಂದು ಒಬ್ಬರು ಬಹಳ ಚೆನ್ನಾಗಿ ವಿವರಿಸಿದರು. ಹಾಗಾದರೆ ಆ ದಿನ ಬಾಯಿ ಬಿಡಬಹುದಿತ್ತಲ್ಲ ಸ್ವಾಮಿ ಎಂದೆ. ತಾವು ಹೊರಗಿನ ಊರಿನವರು, ತಮಗೆ ಇಲ್ಲಿ ಮತವಿಲ್ಲ ಎಂದು ಹೇಳಿ ಕನ್ನಡಿ ಕೇಳಿದರು.

ಆ ಚಳಿಗಾಲದ ಶವಯಾತ್ರೆಗೆ ನಾನೂ ಲಿಸಿಲ್ಲಾಳೂ ಹೋದೆವು. ಖಾಲಿ ಚಟ್ಟದ ಹಿಂದೆ ಮಹಾಸಭೆಯಲ್ಲಿ ಬಂಧುಗಳಾಗಿ ನಿಂತವರಿಗೆ ಮಾತ್ರ ಜಾಗ ಎಂದು ಕಾವಲಿನವರು ನಮ್ಮನ್ನು ಪಕ್ಕಕ್ಕೆ ತಳ್ಳಿದರು. ಸಮುದ್ರದಲ್ಲಿ ಉಳಿದವರ ಹೆಸರನ್ನು ಕಲ್ಲಿನ ಮೇಲೆ ಕೆತ್ತಿಸಿದಿರಿ. ಆ ಹೆಸರುಗಳನ್ನು ಹೇಳಿದವರು ಯಾರು? ಅದೇ ಬೋಳುತಲೆಯವರು. ಮದುವೆಯಾಗದವನ ಮಗನ ಹೆಸರು ಆ ಕಲ್ಲಿನ ಮೇಲಿದೆ, ಅಧ್ಯಕ್ಷರೇ, ನಾನು ಹೋಗಿ ಓದಿ ಬಂದಿದ್ದೇನೆ. ಅಕ್ಷರ ಚೆನ್ನಾಗಿ ಮೂಡಿದೆ. ನನ್ನ ಮಗನ ಹೆಸರಿಲ್ಲ.

ಈಗ ಊರಿಗೆ ಬುದ್ಧಿ ಬಂದಿದೆ, ಕೆಟ್ಟ ಮೇಲೆ. ಗೆದ್ದು ಬಂದ ದಂಡನಾಯಕರನ್ನು ಕೊಂದು, ಮುಂದಿನ ಕಾಳಗಕ್ಕೆ ಯಾರೂ ಇಲ್ಲದಂತಾದ ಮೇಲೆ ಜನರಿಗೆ ಮೋಸವಾಯಿತು ಎಂದು ಠರಾವು ಮಾಡಿದ್ದೀರಿ. ಎಂಥ ಚೆಂದದ ಮಾತು! ಹರಳು ಹಾಕಿದ್ದು ಜನರ ಕೈ, ಮೋಸ ಹೋದದ್ದೂ ಜನ, ಈಗ ಶಿಕ್ಷೆ ಕೊಡುವವರೂ ಜನ. ಶಿಕ್ಷೆ ಯಾರಿಗೆ? ಬೋಳಿಸಿಕೊಂಡವರಿಗೆ. ಹೇಗೆ? ಎಲ್ಲರನ್ನೂ ಒಟ್ಟಿಗೆ ನಿಲ್ಲಿಸಿ, ಒಂದೇ ಮತದಲ್ಲಿ. ಡಂಗುರದವನ ಬಾಯಿಂದಲೇ ಇದನ್ನು ಕೇಳಿದೆ. ಹೇಳುವಾಗ ಅವನಿಗೆ ಏನೂ ಅನ್ನಿಸಿದಂತೆ ಕಾಣಲಿಲ್ಲ. ಸತ್ಯ ಹೇಳುತ್ತೇನೆ, ಕೇಳುವಾಗ ನನಗೂ ಅನ್ನಿಸಲಿಲ್ಲ.

ಅವನು ಹೋದ ಮೇಲೆ ಲಿಸಿಲ್ಲಾ ಒಳಗಿನಿಂದ ಬಂದಳು. ಮಡಿಲಲ್ಲಿ ಸುಲಿಯುತ್ತಿದ್ದ ಕಾಳು ಹಾಗೇ ಇತ್ತು.

"ಹೆಸ್ರು ಹೇಳಿದ್ರೆ ನಾವೂ ಚಟ್ಟದ ಹಿಂದೆ ನಡೀಬೋದಂತಾ?"

ಹೌದು ಎಂದೆ.

"ಅವ್ರನ್ನೂ ಎಲ್ಲಾರ್ನೂ ಒಟ್ಟಿಗೇ ಕೊಲ್ತಾರಂತಾ?"

ಅದಕ್ಕೂ ಹೌದು ಎಂದೆ. ಅವಳು ಕೂತು ಉಳಿದ ಕಾಳನ್ನೆಲ್ಲ ಸುಲಿದಳು. ಒಂದು ವರ್ಷದಿಂದ ಆ ಚಟ್ಟದ ಹಿಂದೆ ನಾಲ್ಕು ಹೆಜ್ಜೆ ನಡೆಯುವುದೊಂದನ್ನೇ ಬೇಡಿಕೊಂಡವಳು ಅವಳು. ಅವಳು ಹೇಳು ಎಂದಿದ್ದರೆ ಎಲ್ಲ ಹೆಸರನ್ನೂ ಹೇಳಿಬಿಡುತ್ತಿದ್ದೆನೋ ಏನೋ, ನನಗೆ ಗೊತ್ತಿಲ್ಲ.

"ಬೇಡ ಬಿಡಿ," ಎಂದಳು. "ಅಷ್ಟು ಹೆಣ ತುಳ್ಕೊಂಡು ನಮ್ ಹುಡ್ಗನ ಹಿಂದೆ ಹೋಗೋದು ಹೆಂಗೆ?"

ಆದ್ದರಿಂದ, ಮಾನ್ಯರೇ, ನಮ್ಮ ಉತ್ತರ ಇಷ್ಟು. ಆ ಜನರ ಮೇಲೆ ನನಗೆ ಕನಿಕರವಿಲ್ಲ, ಕನಿಕರ ಪಡುವಷ್ಟು ಏನೂ ನನ್ನೊಳಗೆ ಉಳಿದಿಲ್ಲ. ಅವರನ್ನು ವಿಚಾರಿಸುವುದಾದರೆ ಒಬ್ಬೊಬ್ಬನನ್ನಾಗಿ ಕರೆಸಿ. ಒಬ್ಬನಿಗೆ ಒಂದು ದಿನ, ಒಬ್ಬನಿಗೆ ಒಂದು ಗಡಿಗೆ ನೀರು ಕೊಡಿ. ಆಗ ನಾನೇ ಬಂದು ಆ ಒಬ್ಬನ ಬಗ್ಗೆ ಕಂಡದ್ದನ್ನು ಅವನ ಎದುರಿಗೇ ಹೇಳುತ್ತೇನೆ. ಮದುವೆಯಾಗದವನ ಸರದಿ ಬಂದಾಗ, ಅಂದು ನನ್ನ ಕತ್ತಿಯ ಕೆಳಗೆ ಕುಳಿತವರಲ್ಲಿ ನಿಜ ಹೇಳಿದವನು ಅವನೊಬ್ಬನೇ ಎಂಬುದನ್ನೂ ಹೇಳುತ್ತೇನೆ. ಇದು ಆಗುವುದಿಲ್ಲ ಎಂದಾದರೆ ಅಂಗಡಿಯನ್ನು ನೀವೇ ಇಟ್ಟುಕೊಳ್ಳಿ. ಚಟ್ಟದ ಹಿಂದಿನ ಜಾಗವೂ ನಮಗೆ ಬೇಡ.

ಆದರೂ ನೀವು ಹೆಸರು ಕೇಳಿದ್ದೀರಿ, ಸರ್ಕಾರವನ್ನು ಬರಿಗೈಯಲ್ಲಿ ಕಳಿಸಬಾರದು. ಒಂದು ಹೆಸರು ಕೊಡುತ್ತೇನೆ. ಫಿಲಿನೋಸ್, ಮೆಲಿತೆ ಕೇರಿಯ ಮಿಕಿಯೋನನ ಮಗ. ಆ ಕಲ್ಲಿನ ಬುಡದಲ್ಲಿ ಇನ್ನೂ ಒಂದು ಅಂಗೈಯಗಲ ಜಾಗವಿದೆ, ಮುಟ್ಟಿ ನೋಡಿ ಬಂದಿದ್ದೇನೆ. ಅಲ್ಲಿ ಕೆತ್ತಿಸಿ. ಕೆತ್ತಿದ ದಿನ ಕೂದಲು ಕತ್ತರಿಸಿಕೊಳ್ಳುತ್ತೇನೆ. ಇಡಲು ಒಂದು ಜಾಗ ಸಿಕ್ಕಂತಾಗುತ್ತದೆ.

ಇಂತಿ,
ಊರ ದುಃಖವನ್ನೆಲ್ಲ ಬೋಳಿಸಿ, ತನ್ನದನ್ನು ತಲೆಯ ಮೇಲೇ ಹೊತ್ತಿರುವ
ಮಿಕಿಯೋನ್, ಕ್ಷೌರಿಕ
ಬಾಗಿಲಿಲ್ಲದ ಅಂಗಡಿ, ಬೆಳ್ಳುಳ್ಳಿ ಸಾಲಿನ ಎದುರು