ತೂಕ ಇಳಿಸಿದ ಕಾರು

ಹೊಸ ತಿಪ್ಪಸಂದ್ರ, ಬೆಂಗಳೂರು
೧೮ ಫೆಬ್ರುವರಿ ೨೦೨೫, ಮಂಗಳವಾರ

ಪ್ರೀತಿಯ ಮಗಳು ಸಂಘಮಿತ್ರಾಗೆ,

ನಿನ್ನ ಅಪ್ಪನ ಜೈ ಭೀಮ್. ಹೇಗಿದ್ದೀಯ ಕಂದಾ? ಆ ಬೆಟ್ಟದ ಕ್ಯಾಂಪಿನಲ್ಲಿ ಚಳಿ ಇನ್ನೂ ಇಳಿದಿಲ್ಲ ಎಂದು ಹೇಳಿದ್ದೆ. ಕೆಮ್ಮು ಕಡಿಮೆಯಾಯಿತೇ? ಯೂನಿಫಾರ್ಮ್ ಒಳಗೆ ಉಣ್ಣೆ ಬನಿಯನ್ ಹಾಕಿಕೊಳ್ಳುತ್ತೀಯೋ ಇಲ್ಲವೋ ಎಂದು ನಿಮ್ಮಮ್ಮ ದಿನಾ ನನ್ನನ್ನು ಕೇಳುತ್ತಾಳೆ, ನಾನೇನೋ ಅಲ್ಲೇ ನಿಂತು ನೋಡುತ್ತಿರುವ ಹಾಗೆ. ಅವಳ ಮಂಡಿ ನೋವು ಇದ್ದ ಹಾಗೇ ಇದೆ. ನನ್ನ ಬಿಪಿ ಮಾತ್ರೆಯ ಮಾತು ಕೇಳಿಕೊಂಡು ತೆಪ್ಪಗಿದೆ. ನಿನ್ನ ಮಗಳು ಪ್ರಿಯಾ ಚೆನ್ನಾಗಿದ್ದಾಳೆ. ಗಲ್ಲದ ಹೊಲಿಗೆ ಬಿಚ್ಚಿದ್ದಾಯಿತು, ಗಾಯ ಒಣಗಿದೆ, ಗರಿಗರಿ ದೋಸೆಯನ್ನೂ ಅಗಿದು ತಿನ್ನುತ್ತಾಳೆ. ಇದನ್ನು ಮೊದಲೇ ಬರೆಯುತ್ತಿದ್ದೇನೆ, ಮುಂದೆ ಓದುವಾಗ ನಿನ್ನ ಎದೆ ಹೊಡೆದುಕೊಳ್ಳಬಾರದು ಎಂದು.

ಮೊನ್ನೆ ಭಾನುವಾರ ಫೋನಿನಲ್ಲಿ ನೀನು, "ಅಪ್ಪ, ಪ್ರಿಯಾ ಯಾಕೆ ಫೋನಿಗೆ ಬರ್ತಿಲ್ಲ? ನನ್ ಮೇಲೆ ಕೋಪಾನಾ? ನನ್ನ ಮರೀತಿದಾಳಾ?" ಎಂದು ಕೇಳಿದೆ. ನಾನು "ಆಟ ಆಡ್ತಿದಾಳೆ ಕಣಮ್ಮ" ಅಂದೆ. ಆಡುತ್ತಿರಲಿಲ್ಲ. ಫೋನು ಬಡಿದುಕೊಂಡ ಕೂಡಲೇ ಮಂಚದ ಕೆಳಗೆ ನುಸುಳಿ ಗೋಡೆಗೆ ಮುಖ ಮಾಡಿ ಮಲಗಿದ್ದಳು. ನಿನ್ನ ಹಿಂದೆ ಸಾಲಿನಲ್ಲಿ ನಿಂತವರು ಬೇಗ ಮುಗಿಸು ಅನ್ನುತ್ತಿದ್ದದ್ದು ನನಗೂ ಕೇಳಿಸಿತು. ಇಡುವಾಗ ನಿನ್ನ ದನಿ ಒಡೆದಿತ್ತು. ಮೂರು ಭಾನುವಾರದಿಂದ ಹೀಗೇ ನಡೆದಿದೆ, ಮಗು ನನ್ನಿಂದ ದೂರವಾಗುತ್ತಿದೆ ಎಂದು ನೀನು ಅಲ್ಲಿ ಕೊರಗುತ್ತಿದ್ದೀಯ. ಹಾಗೇನಿಲ್ಲ, ಸಂಘಮಿತ್ರಾ. ಅವಳಿಗೆ ನಿನ್ನ ಮೇಲೆ ಕೋಪವಿಲ್ಲ. ನಿನಗೆ ಒಂದು ಸುಳ್ಳು ಹೇಳಿದ್ದಾಳೆ, ಅದನ್ನು ಮತ್ತೆ ಹೇಳಬೇಕಾಗುತ್ತದೆ ಎಂಬ ಭಯ. ಪಾರ್ಕಿನ ಜೋಕಾಲಿಯಿಂದ ಬಿದ್ದು ಗಲ್ಲ ಸೀಳಿತು ಎಂಬುದು ನಿಜವಲ್ಲ. ಕಾರಿನಲ್ಲಿ ಆಯಿತು. ಓಡಿಸುತ್ತಿದ್ದವನು ನಾನು. ಫೋನಿನಲ್ಲಿ ಹೇಳಲು ನನಗೆ ಮುಖವಿಲ್ಲ, ಅದಕ್ಕೇ ಈ ಕಾಗದ.

ಕಳೆದ ರಜೆಯಲ್ಲಿ ನಾವಿಬ್ಬರೂ ಕಾರು ನೋಡಲು ಶೋರೂಮುಗಳನ್ನು ಸುತ್ತಿದೆವಲ್ಲ, ಆಗಿನಿಂದಲೇ ಹೇಳಬೇಕು. ನಾನು ಹಗುರದ ಗಾಡಿ ಸಾಕು, ಮೈಲೇಜ್ ಬರುತ್ತದೆ ಅಂದೆ. ನೀನು ಒಂದೊಂದು ಕಾರಿನ ಬಾಗಿಲನ್ನೂ ಹಾಕಿ ತೆಗೆದು ಸದ್ದು ಕೇಳಿದೆ. ಗೋಡೆಗೆ ಗುದ್ದಿಸಿ ಪರೀಕ್ಷೆ ಮಾಡುವ ವಿಡಿಯೋಗಳನ್ನು ಫೋನಿನಲ್ಲಿ ತೋರಿಸಿ, "ಅಪ್ಪ, ಇದು ಭಾರ ಇದೆ, ಗಟ್ಟಿ ಇದೆ, ಆರು ಏರ್‌ಬ್ಯಾಗ್ ಇದೆ. ಪೆಟ್ರೋಲ್ ಕುಡಿದ್ರೆ ಕುಡೀಲಿ ಬಿಡು, ನನ್ ಮಗು ಕೂತ್ಕೊಳ್ಳೋ ಗಾಡಿ" ಅಂದೆ. ನನ್ನ ಎಡಗಾಲಿಗೆ ಕ್ಲಚ್ ತುಳಿಯುವ ಕಷ್ಟ ಬೇಡವೆಂದು ಆಟೊಮ್ಯಾಟಿಕ್ ಗೇರಿನದನ್ನೇ ಆರಿಸಿದೆ. ಹಿಂದಿನ ಸೀಟಿನ ಮೇಲೆ ಮಕ್ಕಳ ಸೀಟನ್ನು ನೀನೇ ಬಿಗಿದು, ಎರಡೂ ಕೈಯಿಂದ ಎಳೆದಾಡಿ ನೋಡಿದೆ. ಹೊರಡುವ ದಿನ ನೀನು ನನ್ನನ್ನು ಕೇಳಿದ್ದು ಒಂದೇ: ಗಾಡಿ ಹೊರಟರೆ ಪ್ರಿಯಾ ಆ ಸೀಟಿನಲ್ಲಿ ಬೆಲ್ಟ್ ಹಾಕಿಕೊಂಡು ಕೂತಿರಬೇಕು. ನಾನು ಆಯಿತು ಎಂದು ತಲೆಯಾಡಿಸಿದೆ.

ನಿನ್ನಪ್ಪನ ಚಾಳಿ ನಿನಗೆ ಗೊತ್ತು. ವಿಮಾನ ಕಾರ್ಖಾನೆಯ ತೂಕ ವಿಭಾಗದಲ್ಲಿ ಆಯುಷ್ಯ ಸವೆಸಿದವನು. ರೆಕ್ಕೆ ಕೂರಿಸಿದ ವಿಮಾನವನ್ನು ತಕ್ಕಡಿಗೇರಿಸಿ, ಒಂದು ಬೋಲ್ಟು ಹೆಚ್ಚಿದ್ದರೂ ಇದು ಯಾಕಿದೆ ಎಂದು ಕೇಳುವುದೇ ನಮ್ಮ ಕೆಲಸವಾಗಿತ್ತು. ನಿವೃತ್ತಿಯಾದ ಮೇಲೆ ಹಾಗೆ ಕೇಳಲು ಏನೂ ಸಿಕ್ಕಿರಲಿಲ್ಲ. ನೀನು ಕಾರು ತಂದು ನಿಲ್ಲಿಸಿದೆ. ಬೆಳಿಗ್ಗೆ ಮಾರ್ಕೆಟ್ ರಸ್ತೆಯ ಟೀ ಅಂಗಡಿಯಲ್ಲಿ ನಾವು ಹಳೆಯ ಕಾರ್ಖಾನೆಯವರು ಸೇರುತ್ತೇವೆ. ಅಲ್ಲಿ ಮುನಿವೆಂಕಟಪ್ಪನದು ದಿನಾ ಒಂದೇ ಪ್ರಶ್ನೆ, "ಎಷ್ಟು ಕೊಡ್ತದೆ?" ಲೀಟರಿಗೆ ಹತ್ತು ಅಂದರೆ ಅವನಿಗೆ ಹಬ್ಬ. "ಮಗಳು ಆನೆ ಕೊಡ್ಸಿದಾಳೆ ಬಿಡಪ್ಪ, ಮೇವು ಹಾಕ್ಕೊಂಡಿರು" ಎಂದು ಎಲ್ಲರೆದುರು ನಗುತ್ತಿದ್ದ. ಅವನದೊಂದು ಹಳೆಯ ಪುಟ್ಟ ಕಾರು, ಬಾಗಿಲು ಹಾಕಿದರೆ ಡಬ್ಬದ ಮುಚ್ಚಳದ ಸದ್ದು. ಅದು ಹದಿನೆಂಟು ಕೊಡುತ್ತದಂತೆ. ನಾನು ಟೀ ಅರ್ಧಕ್ಕೆ ಬಿಟ್ಟು ಎದ್ದು ಬರುತ್ತಿದ್ದೆ. ಇಷ್ಟೇ ಇಷ್ಟು ವಿಷಯ ಕಣಮ್ಮ, ಬರೆಯುವಾಗ ನಾಚಿಕೆಯಾಗುತ್ತದೆ.

ಹಠಕ್ಕೆ ಬಿದ್ದು ಕಾರಿನ ತೂಕ ಇಳಿಸಲು ಶುರು ಮಾಡಿದೆ. ಮೊದಲು ಸ್ಟೆಪ್ನಿ ಟೈರು ಹೋಯಿತು, ಆಮೇಲೆ ಜಾಕಿ, ಪಾನ, ಹಿಂದಿನ ಸೀಟಿನ ತಲೆದಿಂಬುಗಳು. ಒಂದೊಂದನ್ನೂ ನಮ್ಮ ಬೀದಿಯ ಹಳೇ ಪೇಪರ್ ಅಂಗಡಿಗೆ ಹೊತ್ತು, ಅವನ ತಕ್ಕಡಿಯಲ್ಲಿ ತೂಗಿಸಿದೆ. ಅವನು ಮಾರಲು ತಂದಿದ್ದೇನೆಂದುಕೊಂಡು ರೇಟು ಹೇಳಲು ಹೊರಟ. ಕೊನೆಗೆ ಪ್ರಿಯಾಳ ಸೀಟನ್ನೂ ಬಿಚ್ಚಿದೆ. ನಿಮ್ಮಮ್ಮ ಒದ್ದೆ ಕೈಯಲ್ಲೇ ಹೊರಗೆ ಬಂದು, "ಏನ್ರೀ, ಅದು ಮಗೂದು, ಅದನ್ಯಾಕೆ ತೆಗೀತೀರಾ?" ಅಂದಳು. "ಒಂದು ವಾರ ಕಣೆ, ಮೈಲೇಜ್ ನೋಡಿ ವಾಪಸ್ ಹಾಕ್ತೀನಿ" ಅಂದೆ. ನಿಜ ಹೇಳಬೇಕೆಂದರೆ ಅದು ಏನೂ ತೂಗಲಿಲ್ಲ. ಒಂದು ಕೊಡ ನೀರಿನಷ್ಟೂ ಇರಲಿಲ್ಲ. ಆದರೂ ಅದು ಅಟ್ಟ ಸೇರಿತು, ವಾರ ಕಳೆದರೂ ಇಳಿಯಲಿಲ್ಲ. ಅದಕ್ಕೂ ಮುಂಚೆ ಶಿವಾಜಿನಗರದಲ್ಲಿ ಚೆಂದದ ಸೀಟ್ ಕವರ್ ಹೊಲಿಸಿದ್ದೆ. ಹಿಂದಿನ ಬೆಲ್ಟು ಸಿಕ್ಕಿಸುವ ಕೊಂಡಿಗಳೆಲ್ಲ ಅದರ ಕೆಳಗೆ ಮುಚ್ಚಿಹೋಗಿದ್ದವು. ಬ್ಲೇಡಿನಿಂದ ಸೀಳು ಹಾಕಿದ್ದರೆ ಸಾಕಿತ್ತು. ಹೊಸ ಬಟ್ಟೆ, ಮನಸ್ಸಾಗಲಿಲ್ಲ.

ಅಷ್ಟು ಮಾಡಿದರೂ ಮೈಲೇಜ್ ಹನ್ನೊಂದು ದಾಟಲಿಲ್ಲ. ಆಗ ಹಳೆಯ ಡ್ರೈವರುಗಳ ಬುದ್ಧಿ ಹಿಡಿದೆ. ಇಳಿಜಾರು ಕಂಡ ಕೂಡಲೇ ಗೇರನ್ನು ನ್ಯೂಟ್ರಲಿಗೆ ತಂದು, ಕೀಲಿ ತಿರುಗಿಸಿ ಇಂಜಿನ್ ಆಫ್ ಮಾಡಿ, ಗಾಡಿಯನ್ನು ಅದರ ಪಾಡಿಗೆ ಉರುಳಿಸುವುದು. ಕೆ.ಆರ್. ಪುರದ ತೂಗುಸೇತುವೆ ಇಳಿಯುವಾಗ, ದೊಮ್ಮಲೂರು ಮೇಲ್ಸೇತುವೆ ಇಳಿಯುವಾಗ, ಎಲ್ಲೆಲ್ಲೂ ಇದೇ. ಪ್ರಿಯಾಗೆ ಇದೊಂದು ಆಟವಾಯಿತು. ಮುಂದಿನ ಎರಡು ಸೀಟಿನ ನಡುವೆ ತಲೆ ತೂರಿಸಿ, ಸ್ಕ್ರೀನಿನ ಮೇಲೆ ಬರುವ ಮೈಲೇಜ್ ಅಂಕಿಯನ್ನು ನನಗೆ ಓದಿ ಹೇಳುವುದು ಅವಳ ಕೆಲಸ. ಒಂದನೇ ಕ್ಲಾಸಿನ ಮಗು ಪಾಯಿಂಟ್ ಸಮೇತ ಅಂಕಿ ಓದುತ್ತದೆ ಎಂದು ನಾನು ಹಿಗ್ಗುತ್ತಿದ್ದೆ. "ತಾತ, ಹನ್ನೆರಡಾಯ್ತು, ನಾವು ಮುನಿವೆಂಕಟಪ್ಪ ತಾತನ್ನ ಸೋಲಿಸ್ತೀವಾ?" ಎಂದು ಕೇಳುತ್ತಿದ್ದಳು.

ಜನವರಿ ಕೊನೆಯ ಶನಿವಾರ ಈಜಿನ ಕ್ಲಾಸು ಮುಗಿಸಿಕೊಂಡು ಕೋರಮಂಗಲದ ಕಡೆಯಿಂದ ಬರುತ್ತಿದ್ದೆವು. ಕೂದಲು ಒದ್ದೆಯಿತ್ತು, ಗಾಳಿಗೆ ಒಣಗಲಿ ಎಂದು ಹಿಂದಿನ ಕಿಟಕಿ ಇಳಿಸಿದ್ದೆ. ದೊಮ್ಮಲೂರು ಮೇಲ್ಸೇತುವೆಯ ನೆತ್ತಿಯಲ್ಲಿ ಕೀಲಿ ತಿರುಗಿಸಿದೆ. ಇಂದಿರಾನಗರದ ಕಡೆ ಗಾಡಿ ಸದ್ದಿಲ್ಲದೆ ಇಳಿಯಿತು. "ತಾತ, ಸ್ಕ್ರೀನು ಹೋಯ್ತು, ಕಾಣಿಸ್ತಿಲ್ಲ" ಎಂದು ಅವಳು ಎದ್ದು ಇನ್ನೂ ಮುಂದಕ್ಕೆ ಬಾಗಿದಳು. ಕೆಳಗೆ ಸಾಮಾನು ತುಂಬಿದ ಟೆಂಪೋ ಒಂದು ನಿಂತಿತ್ತು. ನಾನು ಒಂದೆರಡು ಸಲ ಬ್ರೇಕು ತಟ್ಟಿದೆ, ಮತ್ತೆ ಒತ್ತಿದೆ. ಪೆಡಲು ಕಲ್ಲಾಗಿತ್ತು. ಇಂಜಿನ್ ಆಫ್ ಆಗಿದ್ದರೆ ಬ್ರೇಕಿಗೆ ಬಲ ಸಿಗುವುದಿಲ್ಲ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಅಷ್ಟು ದಿನ ಏನೂ ಆಗಿರಲಿಲ್ಲ, ಅದಕ್ಕೇ ಮರೆತಿದ್ದೆ. ಟೆಂಪೋದ ಹಿಂಭಾಗಕ್ಕೆ ಗುದ್ದಿದೆವು. ನನಗೆ ಬೆಲ್ಟ್ ಇತ್ತು, ಏನೂ ಆಗಲಿಲ್ಲ. ಪ್ರಿಯಾಳ ಗಲ್ಲ ನನ್ನ ಸೀಟಿನ ಅಂಚಿಗೆ ಬಡಿಯಿತು. ನೀನು ಆರಿಸಿ ತಂದ ಆರು ಏರ್‌ಬ್ಯಾಗಿನಲ್ಲಿ ಒಂದೂ ತೆರೆಯಲಿಲ್ಲ. ಆ ವೇಗಕ್ಕೆ ತೆರೆಯುತ್ತಿದ್ದವೋ ಇಲ್ಲವೋ ಕಾಣೆ, ಆದರೆ ಕೀಲಿ ಆಫ್ ಆದರೆ ಅವೂ ಮಲಗಿಬಿಡುತ್ತವಂತೆ.

ಟೆಂಪೋದವನು ಜಗಳಕ್ಕೆ ಬರುತ್ತಾನೆಂದುಕೊಂಡೆ. ಹುಸೇನಪ್ಪ ಅಂತ, ಯಾದಗಿರಿ ಕಡೆಯವನು. ಇಳಿದು ಬಂದು ಮಗುವಿನ ಮುಖ ನೋಡಿದವನೇ ತನ್ನ ಟವೆಲ್ಲನ್ನು ಗಲ್ಲಕ್ಕೆ ಒತ್ತಿ ಹಿಡಿದು ಎತ್ತಿಕೊಂಡ. "ಗಾಡಿ ಹಿಂದಾಗಡಿ ನೋಡೂಣ್ರಿ ಯಜಮಾನ್ರ, ಮೊದ್ಲ ಕೂಸಿಗಿ ದವಾಖಾನಿಗಿ ಒಯ್ಯೂಣ ಬರ್ರಿ" ಅಂದ. ದಾರಿಯಲ್ಲಿ ಆಟೋದೊಳಗೆ, "ಕೂಸಿಗಿ ಬೆಲ್ಟ್ ಹಾಕಿರ್ಲಿಲ್ಲೇನ್ರಿ?" ಎಂದು ಮೆತ್ತಗೆ ಕೇಳಿದ. ನಾನು ಹೊರಗೆ ರಸ್ತೆಯ ಕಡೆ ತಿರುಗಿದೆ. ಹೊಲಿಗೆ ಹಾಕುವಾಗ ಪ್ರಿಯಾ ಅಳಲಿಲ್ಲ, ನನ್ನ ಹೆಬ್ಬೆರಳನ್ನು ಬಿಡಲೂ ಇಲ್ಲ. ತಲೆಗೆ ಏನೂ ಆಗಿಲ್ಲವೆಂದು ಡಾಕ್ಟರು ಎರಡು ಬಾರಿ ನೋಡಿ ಹೇಳಿದರು. ಆ ವಿಷಯದಲ್ಲಿ ನೀನು ಹೆದರಬೇಡ.

ಕಾರನ್ನು ಶಿವಾಜಿನಗರದ ಯಾಸಿರ್ ಗ್ಯಾರೇಜಿಗೆ ಎಳೆದುಕೊಂಡು ಹೋದರು. ಅವನು ಗೇರ್‌ಬಾಕ್ಸಿನ ಎಣ್ಣೆ ಇಳಿಸಿ ತೋರಿಸಿದ, ಕಪ್ಪಾಗಿ ಸುಟ್ಟ ವಾಸನೆ ಹೊಡೆಯುತ್ತಿತ್ತು. ಆಟೊಮ್ಯಾಟಿಕ್ ಗಾಡಿಯನ್ನು ಇಂಜಿನ್ ನಿಲ್ಲಿಸಿ ಉರುಳಿಸಿದರೆ ಗೇರಿಗೆ ಎಣ್ಣೆ ಹರಿಯದೆ ಒಣ ಒಣ ಉಜ್ಜುತ್ತದಂತೆ. ಪೆಟ್ರೋಲು ಉಳಿಸಲು ಹೋಗಿ ನೀನು ಕೊಡಿಸಿದ ಗೇರ್‌ಬಾಕ್ಸನ್ನೇ ತಿಂದುಹಾಕಿದ್ದೆ. ಯಾಸಿರ್ ಒಳ್ಳೆಯ ಮನಸ್ಸಿನಿಂದಲೇ, "ಟೆನ್ಶನ್ ತಗೋಬೇಡಿ ಅಂಕಲ್, ಮೇಡಂ ಬರೋಷ್ಟ್ರಲ್ಲಿ ಎಲ್ಲಾ ಹೊಸದರ ಥರ ಮಾಡಿಕೊಡ್ತೀನಿ, ಒಂದು ಗೆರೆನೂ ಕಾಣಲ್ಲ" ಅಂದ. ನನಗೆ ಎಷ್ಟು ಸಮಾಧಾನವಾಯಿತು ಗೊತ್ತಾ? ಮಗುವಿನ ಗಲ್ಲದ ಮೇಲೆ ಇನ್ನೂ ಪಟ್ಟಿ ಇತ್ತು, ನಾನು ಬಂಪರಿನ ಗೆರೆ ಕಾಣುವುದಿಲ್ಲವೆಂದು ಸಮಾಧಾನಪಟ್ಟೆ.

ಗಾಡಿ ಗುದ್ದಿದ ಮಾರನೆಯ ದಿನವೇ, ಭಾನುವಾರ, ನಿನ್ನ ಫೋನು ಬಂದಿತ್ತು. ನಿಮ್ಮಮ್ಮ ನಿಜ ಹೇಳಿ ಎಂದು ಕಣ್ಣಲ್ಲೇ ಹೇಳುತ್ತಿದ್ದಳು. ನಾನು ಮಗು ಬಿದ್ದಿದೆ ಎನ್ನುವಷ್ಟರಲ್ಲಿ ಪ್ರಿಯಾಳೇ ಫೋನು ತೆಗೆದುಕೊಂಡು ಜೋಕಾಲಿಯ ಕಥೆ ಹೇಳಿದಳು. ಚೈನು ಜಾರಿತು, ಪಕ್ಕದ ಹುಡುಗಿ ನಕ್ಕಳು, ತಾತ ಓಡಿ ಬಂದರು ಎಂದು ಒಂದೊಂದಾಗಿ ಸೇರಿಸಿದಳು. ಹೇಳುತ್ತಾ ನನ್ನ ಮುಖವನ್ನೇ ನೋಡುತ್ತಿದ್ದಳು. ಆ ಮಾತು ಅವಳ ಬಾಯಿಗೆ ಎಲ್ಲಿಂದ ಬಂತೋ, ಮಕ್ಕಳು ಹೆದರಿದಾಗ ಏನೋ ಒಂದು ಕಟ್ಟಿ ಹೇಳಿಬಿಡುತ್ತವೆ. ನಾನು ತಡೆಯಬೇಕಿತ್ತು, ತಡೆಯಲಿಲ್ಲ. ಅಂದಿನಿಂದ ಅವಳು ಫೋನಿನ ಹತ್ತಿರ ಸುಳಿದಿಲ್ಲ.

ಕಾರು ರಿಪೇರಿಯಾಗಿ ಮನೆಗೆ ಬಂದಿದೆ, ಆದರೂ ಈಗ ಪ್ರಿಯಾಳನ್ನು ಶಾಲೆಗೆ ಆಟೋದಲ್ಲಿ ಕರೆದುಕೊಂಡು ಹೋಗಿ ಬರುತ್ತೇನೆ. ಸೀಟನ್ನು ಅಟ್ಟದಿಂದ ಇಳಿಸಿ ಕಾರಿನಲ್ಲಿ ಬಿಗಿಸಿದ್ದೇನೆ, ಕವರ್ ಕಿತ್ತು ಹಾಕಿದ್ದೇನೆ, ಇಳಿಸಿದ ಸಾಮಾನೆಲ್ಲ ವಾಪಸ್ ಹೋಗಿದೆ. ಕೀಲಿ ನಿಮ್ಮಮ್ಮನ ಹತ್ತಿರ ಇದೆ. ನೀನು ಬಂದು ಓಡಿಸು ಅಂದರೆ ಓಡಿಸುತ್ತೇನೆ, ಬೇಡ ಅಂದರೆ ಮುಟ್ಟುವುದಿಲ್ಲ. ಮುನಿವೆಂಕಟಪ್ಪನಿಗೂ ಎಲ್ಲರೆದುರು ನಡೆದದ್ದನ್ನು ಹೇಳಿದೆ. ಅವನು ನನ್ನ ಟೀಯನ್ನೂ ತಾನೇ ತಂದುಕೊಟ್ಟ. ನೀನು ಬೈದರೆ ಕೇಳಿಸಿಕೊಳ್ಳುತ್ತೇನೆ. ಮಾತು ಬಿಡಬೇಡ ಕಂದಾ.

ಕೆಮ್ಮಿಗೆ ಬಿಸಿನೀರು ಕುಡಿ. ನಿಮ್ಮಮ್ಮ ಕೇಳಿದ್ದಾಳೆಂದು ನಿನ್ನ ಜೊತೆಯ ಹುಡುಗಿಯರಿಗೆಲ್ಲ ಹೇಳು. ಎಲ್ಲಿದ್ದರೂ ಚೆನ್ನಾಗಿರು.

ತಲೆ ತಗ್ಗಿಸಿಕೊಂಡು,
ನಿನ್ನ ಅಪ್ಪ
ಮುನಿರಾಜಪ್ಪ

ಮ.ವಿ.: ಕಾಗದ ಮಡಚುತ್ತಿದ್ದೆ, ಪ್ರಿಯಾ ಶಾಲೆಯಿಂದ ಬಂದಳು. "ಯಾರಿಗೆ?" ಅಂದಳು. "ನಿಮ್ಮಮ್ಮನಿಗೆ, ಕಾರಿನ ವಿಷಯ ಎಲ್ಲಾ ಬರೆದಿದ್ದೀನಿ" ಅಂದೆ. ಬ್ಯಾಗೂ ಇಳಿಸದೆ ನಿಂತು, "ಹಂಗಾದ್ರೆ ನನ್ ಬಟ್ಟೆ ಯಾವಾಗ ಪ್ಯಾಕ್ ಮಾಡ್ಬೇಕು ತಾತ?" ಎಂದು ಕೇಳಿದಳು. ಮೇಲೆ ಒಂದು ಕಡೆ ಬರೆದದ್ದು ಸುಳ್ಳು, ಸಂಘಮಿತ್ರಾ. ಜೋಕಾಲಿಯ ಕಥೆ ಅವಳದಲ್ಲ, ನಾನೇ ಹೇಳಿಕೊಟ್ಟದ್ದು. ಹೊಲಿಗೆ ಹಾಕಿಸಿಕೊಂಡು ಹೊರಗೆ ಬಂದಾಗ, "ಕಾರಲ್ಲಿ ಆಯ್ತು ಅಂದ್ರೆ ನಿಮ್ಮಮ್ಮ ನಿನ್ನ ಹಾಸ್ಟೆಲಿಗೆ ಹಾಕ್ತಾಳೆ" ಅಂದುಬಿಟ್ಟೆ. ಅವಳು ನಿನಗೆ ಹೆದರಿ ಅಡಗಿದ್ದಾಳೆ, ಹೆದರಿಸಿದವನು ನಾನು. ಇದು ನಿನ್ನ ಕೈಗೆ ಸಿಕ್ಕ ಮೇಲೆ ಬರುವ ಭಾನುವಾರ ಫೋನು ಮಾಡಿದಾಗ ಅವಳ ಕಿವಿಗೇ ಹಿಡಿಯುತ್ತೇನೆ. ನೀನು ಹಲೋ ಅನ್ನಬೇಡ, ಮೊದಲು ಹಾಸ್ಟೆಲ್ ಇಲ್ಲ ಅನ್ನು. ನಾನು ಎಷ್ಟು ಸಲ ಹೇಳಿದರೂ ಹೂಂ ಅನ್ನುತ್ತಾಳೆ, ಒಳಗೆ ಹೋಗಿ ಮತ್ತೆ ಫ್ರಾಕುಗಳನ್ನು ಮಡಚುತ್ತಾಳೆ.