ಅಂಟು ಸವರಿದ ಹಲ್ಲು

ಪ್ರೀತಿಯ ಅಮ್ಮನಿಗೆ,

ನಿನ್ನ ಮುಂದಿನ ಹಲ್ಲಿನ ಹುಳುಕು ತುಂಬಿದ ನಮ್ಮ ಪ್ರೊಫೆಸರ್ ನಮ್‌ಗುಂಗ್, ಹಲ್ಲಿನ ಬಣ್ಣದ ಸಿಮೆಂಟು ಉಪಕರಣಕ್ಕೆ ಮೆತ್ತದೆ ಜಾರಲೆಂದು ಅದರ ಮೇಲೆ ತೆಳ್ಳನೆಯ ದ್ರವ ಅಂಟು ಸವರುತ್ತಾರೆ. ನೋಡಲು ನುಣ್ಣಗೆ ಹೊಳೆಯುತ್ತದೆ. ಆದರೆ ಪ್ರಯೋಗಾಲಯದಲ್ಲಿ ನಾನು ಹಾಗೆ ಸವರಿದ ಸಿಮೆಂಟಿನ ಬಿಲ್ಲೆಗಳನ್ನು ಪರೀಕ್ಷಿಸಿದಾಗ ಮೇಲ್ಮೈ ಮೆತ್ತಗಿತ್ತು, ಗಡಸುತನ ಅಳೆಯುವ ಸೂಜಿಮೊನೆ ಆಳಕ್ಕಿಳಿಯಿತು.

"ನಿನ್ ಕೈ ನಡುಗಿರ್ಬೇಕು ಕಣಮ್ಮ, ಇನ್ನೊಂದ್ಸಲ ಮಾಡು" ಎಂದು ಪ್ರೊಫೆಸರ್ ನಕ್ಕರು. ಮತ್ತೆ ಮಾಡಿದೆ, ಅದೇ ಬಂತು. ಈ ಸಲ ಅವರು ನಗಲಿಲ್ಲ. "ಇದನ್ನ ಸಭೇಲಿ ಓದಿದ್ರೆ ನಿಂಗೆ ಪದವಿ ಕೊಡೋರ್ಯಾರು?" ಅಂದರು.

ನಾಳೆ ಗ್ವಾಂಗ್‌ಜು ನಗರದ ದಂತವೈದ್ಯರ ಸಭೆಯಲ್ಲಿ ಈ ಫಲಿತಾಂಶವನ್ನು ಅವರೆದುರೇ ಓದುತ್ತೇನೆ. ಅವರು ಫೋನ್ ಮಾಡಿದರೆ ನಿನಗೇನೂ ಗೊತ್ತಿಲ್ಲವೆನ್ನು. ಹೊಲಿಯುವಾಗ ದಾರವನ್ನು ಹಲ್ಲಿನಿಂದ ಕಡಿಯಬೇಡಮ್ಮ, ಕತ್ತರಿ ಪಕ್ಕದಲ್ಲಿಟ್ಟುಕೋ.

ನಿನ್ನ ಮಗಳು,
ಬೊರಾಮ್