ಒಳಗೆ ಮಡಿಚಿಟ್ಟ ಬಟ್ಟೆ

ಬುಧವಾರ, ಮಧ್ಯಾಹ್ನ

ನನ್ನ ಗುಂಡುಸೂಜಿಗೆ,

ಒಂದೇ ಮನೆಯಲ್ಲಿದ್ದುಕೊಂಡು ಕಾಗದ ಬರೆಯುತ್ತಾಳಲ್ಲ, ದೊಡ್ಡಮ್ಮನಿಗೆ ತಲೆ ಕೆಟ್ಟಿತೇ ಎಂದು ನಗಬೇಡ. ನಕ್ಕರೂ ಸರಿಯೇ, ನೀನು ನಕ್ಕು ಎಷ್ಟು ದಿನವಾಯಿತು! ಎದುರಿಗೆ ಬಂದರೆ ನನ್ನ ಬಾಯಲ್ಲಿ ಬರುವುದು ಊಟ ಮಾಡು, ಸ್ನಾನ ಮಾಡು ಅಷ್ಟೇ. ಅದಕ್ಕೇ ಇದನ್ನು ನಿನ್ನ ಬಾಗಿಲ ಕೆಳಗೆ ತಳ್ಳುತ್ತಿದ್ದೇನೆ.

ಬೆಳಗ್ಗೆ ಕೇಳಿದೆಯಲ್ಲ, ನನಗೆ ವಾಸಿಯಾಗದಿದ್ದರೆ ಬೇರೆ ಯಾರ ಮನೆಗಾದರೂ ಕಳಿಸಿಬಿಡುತ್ತೀಯಾ ಅಂತ. ನನ್ನ ಕೈಯಲ್ಲಿದ್ದ ಕತ್ತರಿ ಅಲ್ಲೇ ನಿಂತಿತು. ಹುಚ್ಚು ಹುಡುಗಿ ಎಂದು ಗದರಿ ಹೊಲಿಗೆ ಮಿಷನ್ ತುಳಿಯತೊಡಗಿದೆ. ಹೊಲಿದದ್ದೆಲ್ಲ ಸೊಟ್ಟ, ಈಗ ಕೂತು ಬಿಚ್ಚಬೇಕು.

ಮೊನ್ನೆ ನಿನ್ನ ದಿಂಬಿನ ಪಕ್ಕ ಚಪ್ಪಲಿ ನೋಡಿದೆ ಕಣೇ. ಐದು ವರ್ಷದವಳಿದ್ದಾಗಲೂ ಹಾಗೇ ಇಟ್ಟುಕೊಂಡು ಮಲಗುತ್ತಿದ್ದೆ. ನಿಮ್ಮಮ್ಮ, ನನ್ನ ತಂಗಿ, ತೀರಿಕೊಂಡ ಮೇಲೆ ಅತ್ತೆಯ ಮನೆ, ಚಿಕ್ಕಪ್ಪನ ಮನೆ, ಆಮೇಲೆ ಇನ್ನಾರದೋ ಮನೆ. ಚಪ್ಪಲಿ ಹಾಕಿಕೋ ಎಂದರೆ ಸಾಕು, ಮತ್ತೆ ಮನೆ ಬದಲು ಎಂದು ನಿನಗೆ ಗೊತ್ತಾಗುತ್ತಿತ್ತು. ನಿನ್ನೆ ಮನಸ್ಸಿನ ಡಾಕ್ಟರಮ್ಮನ ಹತ್ತಿರ ಹೋಗಿ ಇದನ್ನೆಲ್ಲ ಹೇಳಿದೆ. ಎಳವೆಯಲ್ಲಿ ಹಾಗೆ ನೆಲೆ ತಪ್ಪಿದ ಕೆಲವು ಮಕ್ಕಳಿಗೆ ಹದಿವಯಸ್ಸಿನಲ್ಲಿ ಸುಮ್ಮಸುಮ್ಮನೆ ಎದೆ ಡವಗುಟ್ಟುವುದು, ಏನೂ ಬೇಡವೆನಿಸುವುದು ಉಂಟಂತೆ. ನಿನ್ನ ತಪ್ಪಲ್ಲ, ಸೋಮಾರಿತನವಂತೂ ಅಲ್ಲವೇ ಅಲ್ಲ, ನಿಧಾನವಾಗಿ ಸರಿಹೋಗುವಂಥದ್ದು ಎಂದರು. ಎರಡು ಬಿಗಿದರೆ ಎಲ್ಲ ಸರಿಹೋಗುತ್ತದೆ ಎಂದಿದ್ದಳಲ್ಲ ಎದುರುಮನೆಯವಳು, ಅವಳ ಬಟ್ಟೆಯನ್ನು ಹಾಗೇ ವಾಪಸ್ ಕೊಟ್ಟೆ. ಹೊಲಿಸಿಕೊಳ್ಳಲಿ ಎಲ್ಲಾದರೂ!

ನಾಳೆ ಡಾಕ್ಟರಮ್ಮ ನಿನ್ನನ್ನು ನೋಡಬೇಕಂತೆ. ನೀನು ಬಾಗಿಲು ತೆಗೆಯದಿದ್ದರೆ ಎಂದು ನನಗೆ ಹೆದರಿಕೆ. ನೀನು ಚಪ್ಪಲಿ ಹಾಕಿಕೋ, ನಾನೂ ಹಾಕಿಕೊಳ್ಳುತ್ತೇನೆ. ಇಬ್ಬರೂ ಹೋಗೋಣ, ಇಬ್ಬರೂ ಇದೇ ಮನೆಗೆ ವಾಪಸ್ ಬರೋಣ. ಅಲ್ಲಿ ಮಾತು ಬರದಿದ್ದರೆ ಸುಮ್ಮನೆ ಕೂತಿರು. ಮಾತಿಗೆ ನಾನಿದ್ದೇನಲ್ಲ, ನಿಲ್ಲಿಸುವುದೇ ಕಷ್ಟ.

ನಿನ್ನ
ದೊಡ್ಡಮ್ಮ

ಮರೆತೇಬಿಟ್ಟೆ ನೋಡು: ನಿನ್ನನ್ನು ಇಲ್ಲಿ ಬಿಟ್ಟು ಹೋದವರು ಒಂದು ವಾರದ ಮಟ್ಟಿಗೆ ಎಂದಿದ್ದರು. ಆ ಸಂಜೆಯೇ ನಿನಗೊಂದು ಹಳದಿ ಫ್ರಾಕ್ ಹೊಲಿದೆ. ಅದನ್ನು ಬಾಗಿಲ ಹೊರಗೆ ಇಟ್ಟಿದ್ದೇನೆ. ಕೆಳಗಿನ ಅಂಚನ್ನು ಮಗುಚಿ ನೋಡು. ನೀನು ಬೆಳೆದ ಹಾಗೆ ಬಿಚ್ಚಿ ಉದ್ದ ಮಾಡಲೆಂದು ನಾಲ್ಕು ಬೆರಳು ಬಟ್ಟೆ ಒಳಗೆ ಮಡಿಚಿಟ್ಟಿದ್ದೆ. ವರ್ಷ ವರ್ಷ ಬಿಚ್ಚಿದ ಗೆರೆಗಳು ಇನ್ನೂ ಕಾಣುತ್ತವೆ. ಒಂದು ವಾರಕ್ಕೆಂದು ಬಂದ ಮಗುವಿಗೆ ಯಾರಾದರೂ ಹಾಗೆ ಹೊಲಿಯುತ್ತಾರೇನೇ, ಪೆದ್ದೀ?